ಬಯಲು ದಾಟಿಸಿದ ಸಿಡ್ಸೆಲ್

ಸಿಡ್ಸೆಲ್ ಮೊದಲ ಸಲ ನಮ್ಮ ಕಣ್ಣಿಗೆ ಬಿದ್ದಾಗ ನನ್ನ ಗಂಡ ರಾಸ್ಮುಸ್ ಕೆಸರಿನಲ್ಲಿ ಕೂತು ಎತ್ತುಗಳಿಗೆ ಶಾಪ ಹಾಕುತ್ತಿದ್ದ. ಮಿಸೌರಿ ನದಿಯ ದಂಡೆಯ ಫ್ಲಾರೆನ್ಸ್ ಬಿಡಾರಕ್ಕೆ ನಾವು ಡೆನ್ಮಾರ್ಕಿನವರು ಬಂದಿಳಿದು ಕೆಲವೇ ದಿನಗಳಾಗಿದ್ದವು. ಹಡಗು, ರೈಲು, ಹೊಗೆದೋಣಿ ಎಲ್ಲ ಅಲ್ಲಿಗೆ ಮುಗಿದಿತ್ತು. ಇನ್ನು ಪಶ್ಚಿಮಕ್ಕೆ, ಬೆಟ್ಟಗಳ ಆಚೆ ನಮ್ಮ ಮಾರ್ಮನ್ ಮತದವರು ನೆಲೆಸಿರುವ ಸಿಯೋನಿಗೆ, ನಡೆದೇ ಹೋಗಬೇಕು. ಗಾಡಿ ಇರುವುದು ಸಾಮಾನಿಗೆ, ಕಾಯಿಲೆ ಬಿದ್ದವರಿಗೆ.

ಊರಿನಲ್ಲಿ ಕುದುರೆ ಹೂಡಿ ಉಳುತ್ತಿದ್ದ ರಾಸ್ಮುಸ್ ಈ ಎತ್ತುಗಳಿಗೂ ಅದೇ ರೀತಿ ತೊಗಲಿನ ಪಟ್ಟಿ ಹೊಲಿದು, ಲಗಾಮು ಕಟ್ಟಿದ್ದ. ಆ ಉದ್ದ ಕೊಂಬಿನ ಅಮೆರಿಕದ ಎತ್ತುಗಳು ಅಂಥ ಅವಮಾನವನ್ನು ಎಂದೂ ಕಂಡಿರಲಿಲ್ಲವೇನೋ. ಖಾಲಿ ಗಾಡಿಯನ್ನು ಎಳೆದುಕೊಂಡು ಬಿಡಾರದ ನಡುವೆಯೇ ನುಗ್ಗಿ, ಯಾರೋ ಒಣಹಾಕಿದ್ದ ಬಟ್ಟೆಯನ್ನೆಲ್ಲ ಕೊಂಬಿಗೆ ಸುತ್ತಿಕೊಂಡು ನದಿಯ ಅಂಚಿನಲ್ಲಿ ನಿಂತಿದ್ದವು.

"ಅವಕ್ಕೆ ನಿನ್ನ ಭಾಷೆ ಬರಲ್ಲ ಕಣಪ್ಪಾ," ಅಂದಿತು ಒಂದು ಹೆಣ್ಣುದನಿ, ನಮ್ಮ ವೆಂಡ್ಸಿಸೆಲ್ ಸೀಮೆಯ ಎಳೆತದಲ್ಲೇ. "ನೀನು ಅವಕ್ಕೆ ಡೇನಿಶ್ ಕಲಿಸೋ ಹೊತ್ತಿಗೆ ಹಿಮ ಬೀಳುತ್ತೆ. ಅದಕ್ಕಿಂತ ನೀನೇ ಅವುಗಳ ಮಾತು ಕಲಿತುಬಿಡು. 'ಜೀ' ಅಂದ್ರೆ ಬಲಕ್ಕೆ, 'ಹಾ' ಅಂದ್ರೆ ಎಡಕ್ಕೆ, 'ವೋ' ಅಂದ್ರೆ ನಿಲ್ಲು. ಇಷ್ಟೇ ಅವುಗಳ ವಿದ್ಯೆ. ಮೊದಲು ಆ ಪಟ್ಟಿ ಎಲ್ಲ ಬಿಚ್ಚು, ನೊಗ ಹಾಕು."

ರಾಸ್ಮುಸ್ ತಲೆಯೆತ್ತಿ ನೋಡಿದ. ನಾನೂ ನೋಡಿದೆ. ನಲವತ್ತು ದಾಟಿದ ಎತ್ತರದ ಹೆಂಗಸು. ಗಂಡಸರ ಟೋಪಿ. ಬಿಸಿಲಿಗೆ ಸುಟ್ಟು ಹದವಾದ ತೊಗಲಿನಂಥ ಮುಖ. ಅವಳು ಎತ್ತಿನ ಹತ್ತಿರ ಹೋಗಿ, ಕೊಂಬಿನಿಂದ ಒದ್ದೆ ಬಟ್ಟೆ ಬಿಡಿಸಿ, ಅದರ ಗಂಗೆದೊಗಲು ತುರಿಸುತ್ತ ಏನೋ ಮಾತಾಡಿದಳು. ಅದು ಕತ್ತು ಚಾಚಿ ನಿಂತಿತು.

ಅವಳು ಆಗಲೇ ಸಿಯೋನಿನಲ್ಲಿ ನೆಲೆಸಿದವಳು. ಸ್ಯಾನ್‌ಪೀಟ್ ಕಣಿವೆಯಲ್ಲಿ ಅವಳಿಗೊಂದು ಮನೆ, ಒಂದಿಷ್ಟು ಗೋಧಿಯ ಹೊಲ ಇತ್ತು. ಹೊಸಬರನ್ನು ಕರೆತರಲು ಅಲ್ಲಿಂದ ಪ್ರತಿ ವಸಂತದಲ್ಲೂ ಗಾಡಿಗಳು ಇಳಿದು ಬರುತ್ತಿದ್ದವು. ಅವಳ ತಮ್ಮ ಅಂಥ ಒಂದು ಗಾಡಿ ಹೊಡೆಯುತ್ತಿದ್ದ, ಇವಳು ಅವನ ಜೊತೆ ಇಳಿದು ಬಂದಿದ್ದಳು. ತಲುಪಿದವರು ಯಾರಾದರೂ ಆ ದಾರಿಯನ್ನು ಮತ್ತೆ ಮೈಮೇಲೆ ಎಳೆದುಕೊಳ್ಳುತ್ತಾರೆಯೇ ಎಂದು ನಮಗೆಲ್ಲ ಸೋಜಿಗ.

ನಮ್ಮ ತಂಡದಲ್ಲಿ ಹೆಚ್ಚಿನವರು ಸ್ವಂತ ಗಾಡಿಯವರು, ಒಬ್ಬರಿಗೂ ದಾರಿ ಗೊತ್ತಿರಲಿಲ್ಲ. ಗೊತ್ತಿದ್ದವನು ನಮ್ಮ ಕ್ಯಾಪ್ಟನ್ ಲೌರಿಡ್ಸೆನ್ ಒಬ್ಬನೇ. ಅವನು ದಾರಿ ಬಲ್ಲವನಾದರೂ ಮಾತು ಕಡಿಮೆ. "ಸಿಡ್ಸೆಲಕ್ಕ ನಮ್ಮ ಜೊತೆ ಬರ್ತಾರೆ. ಅವರು ಹೇಳಿದ ಹಾಗೆ ಕಟ್ಟಿಕೊಳ್ಳಿ," ಎಂದಷ್ಟೇ ಹೇಳಿ ಹೋದ. ನಮ್ಮಲ್ಲಿ ಎಲ್ಲರೂ ಅಣ್ಣ, ಅಕ್ಕ ಎಂದೇ ಕರೆಯುವುದು. ನೀರಿನಲ್ಲಿ ಮುಳುಗಿ ದೀಕ್ಷೆ ಪಡೆದ ಮೇಲೆ ಜಮೀನ್ದಾರನೂ ಅಣ್ಣನೇ, ಕೂಲಿಯವನೂ ಅಣ್ಣನೇ.

ಈ ಒಂದು ವಿಷಯದಲ್ಲಿ ನನ್ನ ಅತ್ತೆ ದೋರ್ತೆಗೆ ಸ್ವಲ್ಪ ಕಷ್ಟವಿತ್ತು. ಅತ್ತೆ ದೊಡ್ಡ ತೋಟದ ಮನೆಯ ಯಜಮಾನಿಯಾಗಿದ್ದವರು. ಮಗ ಮಾರ್ಮನ್ನರ ಜೊತೆ ಸೇರಿದನೆಂದು ಒಂದು ವರ್ಷ ಅವನ ಮುಖ ನೋಡಿರಲಿಲ್ಲ. ಆಮೇಲೆ ಒಂದು ದಿನ, ಯಾರಿಗೂ ಹೇಳದೆ ಕೇಳದೆ, ಹಳ್ಳದ ಮಂಜುಗಡ್ಡೆ ಒಡೆದು, ಆ ನೀರಿನಲ್ಲಿ ಮುಳುಗಿ ದೀಕ್ಷೆ ಪಡೆದು ಬಂದರು. "ನಂಬಿದ ಮೇಲೆ ಬೇಸಿಗೆಗೆ ಕಾಯೋದೇನು?" ಎಂದರು. ಅಂಥವರು.

ಸಿಡ್ಸೆಲ್ ನಮ್ಮ ಗಾಡಿಯ ಹತ್ತಿರ ಬಂದು, ಹೊರಗೆ ಇಳಿಸಿದ್ದ ಸಾಮಾನಿನ ಸುತ್ತ ಒಂದು ಸುತ್ತು ಹಾಕಿದಳು. ಗುಲಾಬಿ ಹೂ ಬಳಿದ ಓಕ್ ಮರದ ಪೆಟ್ಟಿಗೆಯ ಮುಂದೆ ನಿಂತಳು.

"ಈ ಪೆಟ್ಟಿಗೆ ಬರಲ್ಲ."

"ನೀವು ಬರದೇ ಇದ್ರೂ ಪೆಟ್ಟಿಗೆ ಬರುತ್ತೆ," ಅಂದರು ಅತ್ತೆ.

"ಎಳೆಯೋದು ನಾನಲ್ಲಮ್ಮಾ, ಎತ್ತು."

"ನಮ್ಮಜ್ಜಿ ಮದುವೇಲಿ ಬಂದ ಪೆಟ್ಟಿಗೆ ಇದು."

"ನಿಮ್ಮಜ್ಜಿ ಬೆಟ್ಟ ಹತ್ತಿದ್ರಾ?"

"ಬಾಯಿ ಜೋರು ಈಯಮ್ಮಂದು," ಎಂದು ಅತ್ತೆ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ಮದುವೆಯಾಗಿ ಇನ್ನೂ ವರ್ಷ ತುಂಬದ ಸೊಸೆ, ನಾನು ಯಾರ ಕಡೆ ಮಾತಾಡಲಿ? ಕೊನೆಗೆ ರಾಸ್ಮುಸ್ ಕೊಡಲಿ ತಂದು ಪೆಟ್ಟಿಗೆಯನ್ನು ಒಡೆದ. ಗಟ್ಟಿ ಹಲಗೆಗಳನ್ನು ಗಾಡಿಯ ತಳಕ್ಕೆ ಹಾಕಿಸಿದಳು ಸಿಡ್ಸೆಲ್. ಅತ್ತೆ ಆ ದಿನವೆಲ್ಲ ಊಟ ಮಾಡಲಿಲ್ಲ.

ಭಾರ ಇಳಿಸುವ ಹುರುಪು ಹತ್ತಿದ ರಾಸ್ಮುಸ್, ಹಕ್ಕಿಯ ಗರಿ ತುಂಬಿ ಚಳಿಗೆ ಹೊದೆಯುವ ನಮ್ಮ ದಪ್ಪ ಗರಿ ಹಾಸಿಗೆಗಳನ್ನೂ ತೆಗೆದು ಹೊರಗೆಸೆದ. ಜೂನ್ ತಿಂಗಳ ಸೆಕೆ, ಮೈಮೇಲಿನ ಅಂಗಿಯೇ ಭಾರ. "ಇದೊಂದು ಯಾಕೆ ಈ ಬಿಸಿಲಲ್ಲಿ?" ಅಂದ.

ಅಷ್ಟು ಹೊತ್ತು ನಗುನಗುತ್ತ ಜಗಳವಾಡುತ್ತಿದ್ದ ಸಿಡ್ಸೆಲ್‌ಳ ಮುಖದ ಬಣ್ಣವೇ ಬದಲಾಯಿತು. ಹಾಸಿಗೆಗಳನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿ ಗಾಡಿಯೊಳಗೆ ತುರುಕಿದಳು. "ಬೇಕಾದ್ರೆ ಒಲೆ ಬಿಡು, ಗಡಿಯಾರ ಬಿಡು. ಇದನ್ನ ಬಿಟ್ಟರೆ ನನ್ನ ಮುಖ ನೋಡಬೇಡ," ಎಂದು ಹೊರಟೇ ಹೋದಳು.

ಯಾಕೆಂದು ನಮಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ.

ದಾರಿ ಶುರುವಾದ ಮೇಲೆ ಅವಳ ನಿಜವಾದ ಬೆಲೆ ತಿಳಿಯುತ್ತ ಹೋಯಿತು. ಪ್ಲಾಟ್ ನದಿ ಅಗಲವಾಗಿ, ತೆಳ್ಳಗೆ, ಕೆಸರು ಬಣ್ಣಕ್ಕೆ ಹರಿಯುತ್ತದೆ. ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು, ಒಂದು ಹಿಡಿ ಜೋಳದ ಹಿಟ್ಟು ಉದುರಿಸಿ, ಕೆಸರು ತಳಕ್ಕಿಳಿಯುವವರೆಗೆ ಮುಟ್ಟಬೇಡಿ ಎನ್ನುತ್ತಿದ್ದಳು. ನಮ್ಮ ಜೊತೆ ತಂದಿದ್ದ ಕೆಂಪು ಹಸುವಿನ ಬೆಳಗಿನ ಹಾಲನ್ನು ಮುಚ್ಚಳದ ಡಬ್ಬಿಗೆ ಹಾಕಿ ಗಾಡಿಯ ಹಿಂದೆ ನೇತುಹಾಕಿಸಿದಳು. ಇಡೀ ದಿನದ ಕುಲುಕಾಟಕ್ಕೆ ಸಂಜೆ ಬಿಡಾರ ಹೂಡುವ ಹೊತ್ತಿಗೆ ಡಬ್ಬಿಯೊಳಗೆ ನಿಂಬೆಗಾತ್ರದ ಬೆಣ್ಣೆ. ಮೊದಲ ದಿನ ಅದನ್ನು ಕಂಡ ಅತ್ತೆ ಏನೂ ಹೇಳದೆ ರೊಟ್ಟಿಗೆ ಸವರಿಕೊಂಡು ತಿಂದರು. ಅವರ ಕಡೆಯಿಂದ ಅದು ದೊಡ್ಡ ಹೊಗಳಿಕೆ.

ಮರ ಎಂಬುದೇ ಇಲ್ಲದ ಬಯಲು ಬಂದಾಗ ಒಲೆಗೆ ಕಾಡೆಮ್ಮೆಯ ಒಣಗಿದ ಸಗಣಿ ಆರಿಸಬೇಕಾಯಿತು. ತೋಟದ ಮನೆಯ ಹೆಣ್ಣುಮಕ್ಕಳು ಮೂಗು ಮುಚ್ಚಿಕೊಂಡು ಎರಡು ಕಡ್ಡಿಯ ನಡುವೆ ಹಿಡಿದು ತಂದರು. ಸಿಡ್ಸೆಲ್ ಅದನ್ನು ಮಡಿಲು ತುಂಬ ಕಟ್ಟಿಕೊಂಡು ಬಂದು, "ವಾರ ಕಳೀಲಿ, ಇದಕ್ಕೇ ಜಗಳ ಆಡ್ತೀರಿ ನೀವು," ಅಂದಳು. ಹಾಗೆಯೇ ಆಯಿತು. ಒಳ್ಳೆಯದೊಂದು ಒಣ ಸಗಣಿ ಯಾರ ಕಣ್ಣಿಗೆ ಮೊದಲು ಬಿತ್ತು ಎಂದು ಇಬ್ಬರು ಹೆಂಗಸರು ಜುಟ್ಟು ಹಿಡಿದುಕೊಳ್ಳುವುದೊಂದು ಬಾಕಿ.

ನನಗೆ ಅವಳಲ್ಲಿ ತುಂಬ ಹಿಡಿಸಿದ್ದು ಬೇರೆ. ಅವಳು ಎಲ್ಲವನ್ನೂ ಬಲ್ಲವಳಂತೆ ಆಡುತ್ತಿರಲಿಲ್ಲ. ನಮ್ಮೂರಿನ ಮರದ ಜೋಡು ಈ ದಾರಿಗೆ ಆಗುವುದಿಲ್ಲ, ಮೆತ್ತಗಿನ ತೊಗಲಿನ ಜೋಡನ್ನೇ ಹಾಕಿ ಎಂದು ಹೊರಡುವಾಗ ಎಲ್ಲರಿಗೂ ಹೇಳಿದ್ದಳು. ಅತ್ತೆ ಮಾತ್ರ ಕೇಳಲಿಲ್ಲ. ಪಾಪಾಸುಕಳ್ಳಿ ಹಬ್ಬಿದ ನೆಲ ಬಂದಾಗ ತೊಗಲು ತೂರಿ ಮುಳ್ಳು ಚುಚ್ಚಿ ನಮ್ಮೆಲ್ಲರ ಕಾಲು ಬಾತುಕೊಂಡವು. ಅತ್ತೆ ಮಾತ್ರ ಮರದ ಜೋಡನ್ನು ಟಕಟಕ ಬಡಿಯುತ್ತ, ಅಂಗಳದಲ್ಲಿ ಓಡಾಡುವಂತೆ ಕಳ್ಳಿಯ ಮೇಲೇ ನಡೆದು ಹೋದರು.

"ನೋಡ್ರೇ ಎಲ್ಲರೂ!" ಎಂದು ಸಿಡ್ಸೆಲ್ ಸಾಲಿನ ಉದ್ದಕ್ಕೂ ಕೂಗಿದಳು. "ನಾನು ಹೇಳಿದ್ದು ತಪ್ಪು, ದೋರ್ತಕ್ಕ ಮಾಡಿದ್ದು ಸರಿ. ಮರದ ಜೋಡು ಇದ್ದೋರು ತೆಗೆದು ಹಾಕ್ಕೊಳ್ಳಿ!"

ಅತ್ತೆಯ ಕಿವಿ ಕೆಂಪಾದದ್ದನ್ನು ಅವತ್ತೇ ನಾನು ಕಂಡದ್ದು. "ಒಪ್ಪಿಕೊಳ್ಳೋ ಬುದ್ಧಿಯಾದ್ರೂ ಇದೆ," ಎಂದು ಗೊಣಗಿದರು. ಆ ಸಂಜೆ ಸಿಡ್ಸೆಲ್‌ಳನ್ನು ನಮ್ಮ ಒಲೆಯ ಹತ್ತಿರ ಕರೆದು ತಾವೇ ಗಂಜಿ ಬಡಿಸಿದರು.

ಪ್ಲಾಟ್ ನದಿಯನ್ನು ಬಿಟ್ಟು ಸ್ವೀಟ್‌ವಾಟರ್ ಹೊಳೆಯ ಕಡೆ ತಿರುಗುವಲ್ಲಿ ಚೌಳು ನೆಲ ಬರುತ್ತದೆ. ಹಿಮ ಬಿದ್ದಿದೆಯೇನೋ ಎಂಬಂತೆ ಬೆಳ್ಳಗೆ, ಕಣ್ಣು ಕೋರೈಸುವಂಥದ್ದು. ಅಲ್ಲಲ್ಲಿ ನೀರು ನಿಂತಿರುತ್ತದೆ, ನೋಡಲು ತಿಳಿಯಾಗಿ. ಅದನ್ನು ಕುಡಿದ ದನ ಉಳಿಯುವುದಿಲ್ಲ. ಹಿಂದಿನ ದಿನವೇ ಸಿಡ್ಸೆಲ್ ಗಾಡಿಯಿಂದ ಗಾಡಿಗೆ ಹೋಗಿ, "ಎತ್ತಿನ ಮುಂದೆ ನಡೀರಿ, ಹಿಂದೆ ಅಲ್ಲ. ಮೂತಿ ನೆಲಕ್ಕೆ ಬಗ್ಗಿಸೋಕೆ ಬಿಡಬೇಡಿ. ಹಂದಿಕೊಬ್ಬು ಕೈಗೆ ಸಿಗೋ ಹಾಗೆ ಇಟ್ಟುಕೊಳ್ಳಿ, ಆ ನೀರು ಕುಡಿದ ಎತ್ತಿಗೆ ಅದೇ ಮದ್ದು," ಎಂದು ಹೇಳಿ ಬಂದಿದ್ದಳು.

ಮಧ್ಯಾಹ್ನದ ಹೊತ್ತಿಗೆ ಎತ್ತುಗಳ ನಾಲಿಗೆ ಹೊರಬಿದ್ದಿತ್ತು. ನಮ್ಮ ಮುಂದಿನ ಗಾಡಿಯ ಗಾಲಿ ಕಳಚಿಕೊಂಡಾಗ ರಾಸ್ಮುಸ್ ನೆರವಿಗೆ ಓಡಿದ, ನಾನು ಒಬ್ಬಳೇ ನೊಗದ ಮುಂದೆ ನಿಂತೆ. ಗಾಳಿ ನೀರಿನ ವಾಸನೆ ತಂದಿತೋ ಏನೋ, ಎತ್ತುಗಳು ನನ್ನನ್ನು ಪಕ್ಕಕ್ಕೆ ತಳ್ಳಿ ಗಾಡಿಯನ್ನೂ ಎಳೆದುಕೊಂಡು ಹೊಂಡಕ್ಕೆ ನುಗ್ಗಿದವು. "ವೋ! ವೋ!" ಎಂದು ನಾನು ಅರಚಿದೆ. ಅವು ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಎಲ್ಲರೂ ಸೇರಿ ಎಳೆದು ತರುವಷ್ಟರಲ್ಲಿ ಎರಡೂ ಹೊಟ್ಟೆ ತುಂಬ ಕುಡಿದಿದ್ದವು.

ಬಲಗಡೆಯ ಎತ್ತು ಸ್ವಲ್ಪ ದೂರ ನಡೆದು ಮೊಣಕಾಲೂರಿತು. ಇನ್ನೊಂದು ನಡುಗುತ್ತ ನಿಂತಿತು. ಹೊಟ್ಟೆ ಉಬ್ಬುತ್ತಿರುವುದು ಕಣ್ಣಿಗೇ ಕಾಣುತ್ತಿತ್ತು.

ಸಿಡ್ಸೆಲ್ ಓಡಿ ಬಂದಳು. "ಕೊಬ್ಬು ಎಲ್ಲಿ?"

ಹಂದಿಯ ಉಪ್ಪುಮಾಂಸ ನಮಗೆ ಉಳಿದಿದ್ದದ್ದು ಬೆಟ್ಟ ದಾಟುವವರೆಗಿನ ಊಟಕ್ಕೆ. ನಾನು ಅತ್ತೆಯ ಮುಖ ನೋಡಿದೆ. ಅವರು ಆಗಲೇ ಗಾಡಿ ಹತ್ತಿ ಇಡೀ ಚೂರನ್ನು ತಂದಿದ್ದರು. "ನೋಡ್ತಾ ನಿಂತಿದೀಯಲ್ಲೇ ಅಬೆಲೋನೆ, ಚಾಕು ಕೊಡು!" ಎಂದು ನನ್ನ ಮೇಲೆ ರೇಗಿದರು.

ಸಿಡ್ಸೆಲ್ ಕೊಬ್ಬನ್ನು ದಪ್ಪ ದಪ್ಪ ಹೋಳು ಮಾಡಿ ಬಿದ್ದ ಎತ್ತಿನ ಬಾಯಿಗೆ ತುರುಕಿದಳು. ಅದು ಹಲ್ಲು ಕಚ್ಚಿಕೊಂಡು ಉಗುಳಿತು. ಮತ್ತೆ ತುರುಕಿದಳು, ಮತ್ತೆ ಉಗುಳಿತು.

"ಸರಿ ಆ ಕಡೆ," ಎಂದರು ಅತ್ತೆ. ತೋಳು ಭುಜದವರೆಗೆ ಏರಿಸಿ, ಮಣ್ಣಿನ ಮೇಲೆ ಮಂಡಿಯೂರಿ, ಎಡಗೈಯಲ್ಲಿ ಅದರ ನಾಲಿಗೆಯನ್ನು ಹಿಡಿದು ಪಕ್ಕಕ್ಕೆಳೆದರು. ಬಲಗೈಯಲ್ಲಿ ಕೊಬ್ಬಿನ ಉಂಡೆ ಹಿಡಿದು ಮೊಣಕೈವರೆಗೂ ಗಂಟಲಿಗೆ ಇಳಿಸಿದರು. "ಕತ್ತು ಉಜ್ಜು, ಸಿಡ್ಸೆಲ್. ಕೆಳಗಡೆಗೆ. ಇನ್ನೂ ಗಟ್ಟಿಯಾಗಿ. ಕರು ಸಾಕಿದವಳಲ್ವಾ ನೀನು?"

"ಕೋಳಿ ಸಾಕಿದವಳು ನಾನು!"

"ಅದಕ್ಕೇ ಕೈ ಹೀಗೆ. ಉಜ್ಜು!"

ಇಬ್ಬರೂ ಬೆವರು, ಜೊಲ್ಲು, ಕೊಬ್ಬು ಮೆತ್ತಿಕೊಂಡು, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ದುಡಿದರು. ನಿಂತಿದ್ದ ಎತ್ತಿಗೂ ಹಾಗೆಯೇ ಉಣಿಸಿ, ಮೇಲೆ ವಿನೆಗರ್ ಹೊಯ್ದರು. ಬಿದ್ದ ಎತ್ತು ಬಿಸಿಲು ಇಳಿಯುವ ಮೊದಲೇ ಸತ್ತಿತು. ಅತ್ತೆ ಅದರ ಕಣ್ಣು ಮುಚ್ಚಿ, ಕೊಂಬಿನ ನಡುವೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತರು. ಇನ್ನೊಂದರ ಹೊಟ್ಟೆ ಮೆಲ್ಲಗೆ ಇಳಿಯಿತು. ಅದು ಮೂಗು ಒರೆಸಿಕೊಳ್ಳುವಂತೆ ಅತ್ತೆಯ ಬೆನ್ನಿಗೆ ಮೂತಿ ಉಜ್ಜಿದಾಗ ಸುತ್ತ ನಿಂತವರೆಲ್ಲ ನಕ್ಕರು. ಅತ್ತೆಯೊಬ್ಬರ ಕಣ್ಣಲ್ಲಿ ಮಾತ್ರ ನೀರು.

ಒಂಟಿ ಎತ್ತಿನ ಗಾಡಿ ಹೇಗೆ ಹೋಗಬೇಕು? ನಾನು ಅಳಲು ಶುರುಮಾಡಿದೆ. ತಪ್ಪೆಲ್ಲ ನನ್ನದೆಂದು ಅಂದುಕೊಂಡಿದ್ದೆ.

"ಅಳೋದು ಬೇಡ, ಹಸು ಇದೆಯಲ್ಲ," ಅಂದಳು ಸಿಡ್ಸೆಲ್. "ಹೂಡು ಅದನ್ನ."

"ಹಾಲು ಕೊಡೋ ಹಸುವನ್ನ?"

"ಹಾಲು ಸ್ವಲ್ಪ ಕಡಿಮೆ ಆಗುತ್ತೆ. ಅದು ನಡೆಯುತ್ತೆ, ನೀನೂ ನಡೀತೀಯ. ಮೂರು ಎತ್ತು ಹಿಡಿದು ನಿಲ್ಲಿಸೋಷ್ಟು ಶಕ್ತಿ ನಿನಗಿಲ್ಲ, ಅದು ನಿನ್ನ ತಪ್ಪಲ್ಲ ಕಣೇ."

"ಎರಡೇ ಎತ್ತು ಇದ್ದದ್ದು ಅಕ್ಕ."

"ಅವೆರಡೂ ಸೇರಿ ಮೂರರಷ್ಟು ಇದ್ವು ಬಿಡು."

ಅಳುತ್ತಿದ್ದವಳಿಗೆ ನಗು ಬಂತು. ಮರುದಿನ ಬೆಳಿಗ್ಗೆ ನಮ್ಮ ಕೆಂಪು ಹಸು ಆ ಎತ್ತಿನ ಜೊತೆ ನೊಗಕ್ಕೆ ಕತ್ತು ಕೊಟ್ಟಿತು.

ಸ್ವೀಟ್‌ವಾಟರ್ ದಂಡೆಯಲ್ಲಿ ಒಂದು ಮಧ್ಯಾಹ್ನ ಎತ್ತುಗಳನ್ನು ಮೇವಿಗೆ ಬಿಟ್ಟಿದ್ದೆವು. ಗಾಳಿಯಲ್ಲಿ ಆಗಲೇ ಚಳಿಯ ಮೊನೆ ಇತ್ತು. ಹೊಳೆ ಬಾಗುವ ಜಾಗದಲ್ಲಿ, ಕುರುಚಲು ಗಿಡಗಳ ಹತ್ತಿರ, ಸಿಡ್ಸೆಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದಳು. ಅತ್ತೆ ನೀರು ತರಲು ಹೊರಟವರು ಬಕೆಟ್ ಇಟ್ಟು ಅವಳ ಪಕ್ಕಕ್ಕೆ ಹೋದರು. ನಾನೂ ಹೋದೆ.

"ಯಾರು?" ಅಂದರು ಅತ್ತೆ.

"ನನ್ನ ಮಗಳು. ಎಲ್ಸೆ." ಸಿಡ್ಸೆಲ್ ನೆಲದ ಮೇಲೆ ಯಾವುದೋ ಒಂದು ಜಾಗ ತೋರಿಸಲು ಕೈಯೆತ್ತಿ, ಹಾಗೆಯೇ ಇಳಿಸಿದಳು. "ಎಲ್ಲಿ ಅಂತ ಗೊತ್ತಿಲ್ಲ. ತೋಳ ಬಗೀಬಾರದು ಅಂತ ಮೇಲೆ ಗಾಡಿ ಓಡಿಸಿ ನೆಲ ಸಮ ಮಾಡಿದ್ರು. ಈ ಬಾಗಿನಲ್ಲೇ ಎಲ್ಲೋ."

ಅವಳ ತಂಡಕ್ಕೆ ಎತ್ತು ಇರಲಿಲ್ಲವಂತೆ. ಕೈಗಾಡಿ ತಳ್ಳಿಕೊಂಡು ಬಂದವರು. ಬಯಲಿನ ಬಿಸಿಲಿನಲ್ಲಿ ತಳ್ಳಲಾರದೆ ಒಂದೊಂದೇ ಸಾಮಾನು ಇಳಿಸಿದರು. ಎಲ್ಲಕ್ಕಿಂತ ದೊಡ್ಡ ಗಂಟು ಗರಿ ಹಾಸಿಗೆ. ಸೆಕೆಯಲ್ಲಿ ಯಾರಿಗೆ ಬೇಕು ಎಂದು ದಾರಿಬದಿ ಎಸೆದರು. ಅವಳೇ ಎಸೆದಳು. ಇಲ್ಲಿಗೆ ಬರುವಷ್ಟರಲ್ಲಿ ಹಿಮ ಬಿತ್ತು.

"ಎಸೀಬೇಡಿ ಅಂತ ಹೇಳೋಕೆ ನಮಗೆ ಯಾರೂ ಇರಲಿಲ್ಲ, ದೋರ್ತಕ್ಕ," ಅಂದಳು. "ಯಾರ ಮೇಲೂ ಸಿಟ್ಟಿಲ್ಲ. ಗೊತ್ತಿದ್ದವರು ಒಬ್ಬರೂ ಇರಲಿಲ್ಲ ಅಷ್ಟೆ. ಈಗ ನನಗೆ ಗೊತ್ತು. ಗೊತ್ತಿದ್ದೂ ಮನೇಲಿ ಕೂತಿರೋಕೆ ಆಗಲ್ಲ."

ಅತ್ತೆ ಹೊಳೆಯಂಚಿನಿಂದ ಒಂದು ಕಲ್ಲು ತಂದು ಗಿಡದ ಬುಡದಲ್ಲಿಟ್ಟರು. ನಾನೂ ಒಂದು ತಂದಿಟ್ಟೆ. ಸುದ್ದಿ ಹೇಗೆ ಹರಡಿತೋ, ಬಿಡಾರದಿಂದ ಒಬ್ಬೊಬ್ಬರೇ ಬಂದರು. ಕ್ಯಾಪ್ಟನ್ ಲೌರಿಡ್ಸೆನ್ ಕೂಡ ಬಂದ. ಕಲ್ಲಿನ ಗುಡ್ಡೆ ಸೊಂಟದೆತ್ತರಕ್ಕೆ ಬೆಳೆಯಿತು. ಮಗು ಇರುವುದು ಅದರ ಕೆಳಗೇ ಎಂದು ಯಾರೂ ಹೇಳಲಾರರು. ಆದರೂ ಸಿಡ್ಸೆಲ್ ಅದರ ಮೇಲೆ ಕೈಯಿಟ್ಟು, ಹೊರಡುವ ಕೂಗು ಬರುವವರೆಗೂ ನಿಂತಿದ್ದಳು. ಆಮೇಲೆ ಟೋಪಿ ಹಾಕಿಕೊಂಡು, "ಅಚ್ಚಿಗೆ ಕೀಲೆಣ್ಣೆ ಹಾಕಿದೀರಾ? ಮುಂದೆ ಏರು ಇದೆ!" ಎಂದು ಕೂಗುತ್ತ ಸಾಲಿನ ತುದಿಗೆ ಹೋದಳು.

ಬೆಟ್ಟಸಾಲಿನ ಕಣಿವೆ ದಾಟುವಾಗ ಹಿಮ ಬಂತು. ಎರಡು ದಿನ ಗಾಡಿಗಳು ಕದಲಲಿಲ್ಲ. ಬಯಲಿನುದ್ದಕ್ಕೂ ನಾವು ಬೈದುಕೊಂಡು ಹೊತ್ತು ತಂದ ಆ ಗರಿ ಹಾಸಿಗೆಗಳ ಕೆಳಗೆ ಮಕ್ಕಳು ಮುದುಕರೆಲ್ಲ ಒತ್ತಾಗಿ ಮಲಗಿದರು. ಮೂರನೆಯ ಬೆಳಿಗ್ಗೆ ಕ್ಯಾಪ್ಟನ್ ಗಾಡಿಯಿಂದ ಗಾಡಿಗೆ ಹೋಗಿ ಒಳಗೆ ಇಣುಕಿದ. ಕೊನೆಯ ಗಾಡಿ ನೋಡಿ ಬಂದು ಸಿಡ್ಸೆಲ್‌ಳ ಮುಂದೆ ಟೋಪಿ ತೆಗೆದ. "ಎಲ್ಲರೂ ಇದ್ದಾರೆ," ಎಂದ. ಅವಳಿಗೆ ಇನ್ನೇನೂ ಬೇಕಿರಲಿಲ್ಲ ಅನ್ನಿಸುತ್ತದೆ, ತಿರುಗಿ ಹೋಗಿ ಎತ್ತುಗಳ ಬೆನ್ನಿನ ಹಿಮ ಕೊಡವತೊಡಗಿದಳು.

ಸಿಯೋನಿಗೆ ಇಳಿಯುವ ಕಡೆಯ ಕಣಿವೆಯ ಬಾಯಲ್ಲಿ ಅವಳು ಎಲ್ಲರನ್ನೂ ನಿಲ್ಲಿಸಿ, ಹೊಳೆಯಲ್ಲಿ ಮುಖ ತೊಳೆದು, ತಲೆ ಬಾಚಿ, ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಳ್ಳಿ ಎಂದಳು. "ಸೋತು ಬಂದವರ ಹಾಗೆ ಒಳಗೆ ಹೋಗಬೇಡಿ. ಊರಿನೋರು ಹಣ್ಣು, ರೊಟ್ಟಿ, ಮಾಂಸ ಎಲ್ಲ ಹೊತ್ತು ತರ್ತಾರೆ. ಮೊದಲ ದಿನ ಸ್ವಲ್ಪ ಸ್ವಲ್ಪವೇ ತಿನ್ನಿ. ಹೊಟ್ಟೆ ಚಿಕ್ಕದಾಗಿದೆ, ಆಸೆ ದೊಡ್ಡದಾಗಿದೆ." ಆ ಮಾತು ಕೇಳದೆ ಕಲ್ಲಂಗಡಿ ತಿಂದ ರಾಸ್ಮುಸ್ ಸಿಯೋನಿನ ಮೊದಲ ಮೂರು ದಿನಗಳನ್ನು ಪೊದೆಯ ಹಿಂದೆಯೇ ಕಳೆದ.

ನಾವೂ ಸ್ಯಾನ್‌ಪೀಟಿಗೇ ಹೋದೆವು. ನೆಲದಲ್ಲಿ ತೋಡಿದ ಗುಂಡಿಮನೆಯಲ್ಲಿ ಮೊದಲ ಚಳಿಗಾಲ ಕಳೆಯಿತು. ಅತ್ತೆ ಆ ಮನೆಯನ್ನು ಒಮ್ಮೆಯೂ ಹಳಿಯಲಿಲ್ಲ. ಹಿಮ ಕರಗಿ ದಾರಿ ತೆರೆದಾಗ, ಕೆಳಗೆ ಹೋಗುವ ಗಾಡಿಗಳು ಊರ ಮುಂದೆ ಸಾಲಾಗಿ ನಿಂತವು. ಸಿಡ್ಸೆಲ್ ತಮ್ಮನ ಗಾಡಿಯಲ್ಲಿ ಕೂತಿದ್ದಳು. ಬೀಳ್ಕೊಡಲು ಹೋದ ನಾವು ನೋಡುತ್ತಿದ್ದಂತೆಯೇ ಅತ್ತೆ ತಮ್ಮ ಬಟ್ಟೆಯ ಗಂಟನ್ನು ಗಾಡಿಯೊಳಗೆ ಎಸೆದು, ಲಂಗ ಎತ್ತಿ ಹಿಡಿದು, ಮೇಲೆ ಹತ್ತಿ ಅವಳ ಪಕ್ಕ ಕೂತರು.

"ಅಮ್ಮಾ, ಎಲ್ಲಿಗೆ?" ರಾಸ್ಮುಸ್ ಬಾಯಿ ಬಿಟ್ಟ.

"ಇವಳಿಗೆ ಕೋಳಿ ಸಾಕಿ ಗೊತ್ತು. ಎತ್ತಿನ ಗಂಟಲಿಗೆ ಕೈ ಹಾಕೋಕೆ ಯಾರು ಬೇಕು ಅಲ್ಲಿ?" ಎಂದರು ಅತ್ತೆ. "ಅಬೆಲೋನೆಯನ್ನ ಚೆನ್ನಾಗಿ ನೋಡ್ಕೋ. ಗೋಧಿಗೆ ನೀರು ಬಿಡೋದು ಮರೀಬೇಡ."

"ಐವತ್ತೈದು ದಾಟಿದೆ ನಿಮಗೆ!"

"ಅದಕ್ಕೇ ಕೂತು ಹೋಗ್ತಿದೀನಿ. ಬರುವಾಗ ನಡೀತೀನಿ."

ಸಿಡ್ಸೆಲ್ ನಗು ತಡೆಯಲಾರದೆ ಟೋಪಿಯಿಂದ ಮುಖ ಮುಚ್ಚಿಕೊಂಡಳು. ಗಾಡಿಗಳು ಹೊರಟವು. ಆ ವರ್ಷ ಶರತ್ಕಾಲದಲ್ಲಿ ಬಂದ ತಂಡದಲ್ಲಿ ನಾರ್ವೆಯವರೂ ಸ್ವೀಡನ್ನಿನವರೂ ಇದ್ದರು. ಬಂದವರೆಲ್ಲ ದಾರಿಯಲ್ಲಿ ತಮ್ಮನ್ನು ಬೈದು ಬೈದು ಬದುಕಿಸಿದ ಇಬ್ಬರು ಹೆಂಗಸರ ಬಗ್ಗೆ ಹೇಳಿದರು. ಮುಂದೆ ರೈಲು ಬೆಟ್ಟ ದಾಟಿ ಬರುವವರೆಗೂ ಇಬ್ಬರೂ ಜೊತೆಯಾಗಿಯೇ ಇಳಿದು ಹೋಗುತ್ತಿದ್ದರು, ಜೊತೆಯಾಗಿಯೇ ಏರಿ ಬರುತ್ತಿದ್ದರು. ದಾರಿಯುದ್ದಕ್ಕೂ ಜಗಳವಾಡುತ್ತ.